ಸ್ವಾತಂತ್ರ್ಯ ಕೇಳುವ ಪಕ್ಷದ ಯುವ ಘಟಕ ಅಂದರೆ ಬರೀ ಕರಪತ್ರ ಹಂಚುವವರಾ? (ಸ್ಕಾಟ್ಲೆಂಡ್ ಕಥೆ, ಸ್ವಲ್ಪ ಉದ್ದ ಇದೆ)

ಗ್ಲಾಸ್ಗೋ ಮಳೆ:

ಮೊನ್ನೆ ಇಲ್ಲೇ ಯಾರೋ ಬರೆದಿದ್ದರು, ಪಕ್ಷಗಳ ಯುವ ಘಟಕ ಅಂದರೆ ಜೈಕಾರ ಹಾಕೋಕೆ ಸಾಕಿಕೊಂಡಿರುವ ಜನ ಅಂತ. ನಮ್ಮ ಕಡೆ ನೋಡಿದರೆ ಹಾಗೇ ಅನ್ನಿಸುತ್ತೆ, ಇಲ್ಲ ಅನ್ನಲ್ಲ. ಆದರೆ ನಾನು ಹತ್ತಿರದಿಂದ ನೋಡಿದ ಒಂದು ಯುವ ಘಟಕದ ಬಗ್ಗೆ ಹೇಳಬೇಕು ಅನ್ನಿಸಿತು.

2013ರ ಸೆಪ್ಟೆಂಬರಿನಲ್ಲಿ ಎಂಎಸ್ಸಿ ಓದೋಕೆ ಗ್ಲಾಸ್ಗೋಗೆ ಹೋದೆ. ಮೊದಲ ವಾರ ಕಾಲೇಜಿನಲ್ಲಿ ಸಂತೆ ಥರ ಸಂಘಗಳ ಮೇಜು ಹಾಕಿರುತ್ತಾರೆ. ಚೆಸ್ ಆಡೋರು, ಬೆಟ್ಟ ಹತ್ತೋರು, ಚೀಸ್ ತಿನ್ನೋರು, ಅವರ ಪಕ್ಕದಲ್ಲೇ ನೀಲಿ ಬಾವುಟ ಇಟ್ಟುಕೊಂಡು ಕೂತಿದ್ದ ನಾಲ್ಕು ಹುಡುಗರು. ಎಸ್‌ಎನ್‌ಪಿ, ಅಂದರೆ ಸ್ಕಾಟಿಷ್ ನ್ಯಾಷನಲ್ ಪಾರ್ಟಿಯ ಹುಡುಗರು. ಬ್ರಿಟನ್ನಿನಿಂದ ಸ್ಕಾಟ್ಲೆಂಡ್ ಬೇರೆ ದೇಶ ಆಗಬೇಕು ಅನ್ನುವ ಪಕ್ಷ ಅದು. ಅವರ ಯುವ ಘಟಕದ ಹೆಸರು ಈಗ ಯಂಗ್ ಸ್ಕಾಟ್ಸ್ ಫಾರ್ ಇಂಡಿಪೆಂಡೆನ್ಸ್, ಚಿಕ್ಕದಾಗಿ ವೈಎಸ್‌ಐ. ಹಿಂದೆ ಯಂಗ್ ಸ್ಕಾಟಿಷ್ ನ್ಯಾಷನಲಿಸ್ಟ್ಸ್ ಅಂತ ಇತ್ತು. ವಿದ್ಯಾರ್ಥಿ ಘಟಕ ಬೇರೆ ಇದೆ. ನಾನು ಬ್ಯಾಡ್ಜ್ ಇಸ್ಕೊಂಡು ಬಂದೆ, ಅಷ್ಟೇ. ಫ್ರೀ ಸಿಕ್ಕರೆ ಬಿಡ್ತೀವಾ.

ಆಮೇಲೆ ಮನೆಗೆ ಒಂದು ಕಾಗದ ಬಂತು, ಮತದಾರರ ಪಟ್ಟಿಗೆ ಹೆಸರು ಸೇರಿಸಿ ಅಂತ. ತಪ್ಪಾಗಿ ಬಂದಿದೆ ಅಂದುಕೊಂಡೆ. ವಿಚಾರಿಸಿದರೆ ಇಲ್ಲ, ಕಾಮನ್‌ವೆಲ್ತ್ ದೇಶದವರು ಅಲ್ಲಿ ವಾಸ ಇದ್ದರೆ ವೋಟು ಹಾಕಬಹುದಂತೆ. ಹಾಸನ ಜಿಲ್ಲೆಯ ಹುಡುಗ ನಾನು, ಸ್ಕಾಟ್ಲೆಂಡ್ ಸ್ವತಂತ್ರ ಆಗಬೇಕೋ ಬೇಡವೋ ಅಂತ ನನ್ನನ್ನು ಕೇಳ್ತಿದ್ದಾರೆ! ಅದೇ ಕುತೂಹಲಕ್ಕೆ ಆ ಹುಡುಗರ ಜೊತೆ ಮೂರು ಶನಿವಾರ ಮನೆಮನೆ ಸುತ್ತಿದೆ.

ಅಲ್ಲಿನ ಹಳೇ ಕಲ್ಲಿನ ಕಟ್ಟಡಗಳಲ್ಲಿ ಎಂಟು ಹತ್ತು ಮನೆಗೆ ಒಂದೇ ಮೆಟ್ಟಿಲು, ಅದಕ್ಕೆ 'ಕ್ಲೋಸ್' ಅಂತಾರೆ. ಕೆಳಗೆ ಬೆಲ್ ಒತ್ತಿ, ಯಾರಾದರೂ ತೆಗೆದರೆ ಒಳಗೆ. ಬಾಗಿಲಿನಲ್ಲಿ ಕಾಗದ ತೂರಿಸೋ ಸಂದಿಗೆ ಗಟ್ಟಿ ಬ್ರಷ್ ಇರುತ್ತೆ, ಸ್ಪ್ರಿಂಗ್ ಇರುತ್ತೆ, ಒಳಗೊಂದು ನಾಯಿನೂ ಇರಬಹುದು. ಬೆರಳು ಹೋದರೆ ಹೋಯಿತು. ಅದಕ್ಕೆ ಹಳಬರು ಒಂದು ಮರದ ಸಟ್ಟುಗ ಇಟ್ಟುಕೊಂಡಿರುತ್ತಾರೆ, ಕರಪತ್ರವನ್ನು ಅದಕ್ಕೆ ಸುತ್ತಿ ಒಳಗೆ ತಳ್ಳೋದು. ನನಗೂ ಒಂದು ಕೊಟ್ಟರು. ಯುವ ಘಟಕದ ದೀಕ್ಷೆ ಅಂದರೆ ಅದೇ ಅಂತ ನಗ್ತಿದ್ದರು.

ನನ್ನ ಜೊತೆ ಇದ್ದವಳು 19 ವರ್ಷದ ಹುಡುಗಿ. ಕೇಳೋ ಪ್ರಶ್ನೆ ಒಂದೇ. ಒಂದರಿಂದ ಹತ್ತರವರೆಗೆ, ಒಂದು ಅಂದರೆ ಬೇಡವೇ ಬೇಡ, ಹತ್ತು ಅಂದರೆ ಬೇಕೇ ಬೇಕು, ನೀವು ಎಷ್ಟರಲ್ಲಿದ್ದೀರಿ? ಮೂರನೇ ಮಹಡಿಯ ಅಜ್ಜಿ "ಮೂರು" ಅಂದರು. ಯಾಕೆ ಅಂತ ಇವಳು ಕೇಳಿದಳು. ನನ್ನ ಪಿಂಚಣಿ ಯಾರು ಕೊಡ್ತಾರೆ ಹೇಳು ಅಂದರು ಅಜ್ಜಿ. ಇವಳು ಒಂದು ಕ್ಷಣ ಸುಮ್ಮನಿದ್ದು, ನನಗೆ ಸರಿಯಾಗಿ ಗೊತ್ತಿಲ್ಲ, ತಿಳ್ಕೊಂಡು ಬರ್ತೀನಿ ಅಂದಳು. ಮುಂದಿನ ಶನಿವಾರ ನಿಜವಾಗಿಯೂ ಕಾಗದ ಹಿಡಿದು ಮತ್ತೆ ಆ ಮೂರು ಮಹಡಿ ಹತ್ತಿದಳು. ಅಜ್ಜಿ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ "ನಾಲ್ಕು" ಅಂದರು. ಒಂದು ವಾರದ ಓಡಾಟಕ್ಕೆ ಒಂದು ಅಂಕ! ಹುಡುಗಿ ಕುಣಿಯೋದೊಂದು ಬಾಕಿ.

ನನಗೆ ಅನ್ನಿಸೋದು ಇಷ್ಟು. ಯುವ ಘಟಕ ಅಂದರೆ ಆ "ಗೊತ್ತಿಲ್ಲ, ತಿಳ್ಕೊಂಡು ಬರ್ತೀನಿ". ಪಕ್ಷದ ದೊಡ್ಡವರ ಬಾಯಲ್ಲಿ ಆ ಮಾತು ಬರಲ್ಲ. ಆದರೆ ಪಕ್ಷ ಬೆಳೆದು ಸರ್ಕಾರ ನಡೆಸ್ತಾ ನಡೆಸ್ತಾ ಆ ಹುಡುಗರ ಕೈಗೆ ಸಟ್ಟುಗ ಮಾತ್ರ ಉಳಿಯುತ್ತೆ, ಮಾತು ಹೋಗುತ್ತೆ. ನಿಮಗೇನನ್ನಿಸುತ್ತೆ?

—

ಮಾಜಿ ಕಾರ್ಯಕರ್ತ:

ಅಣ್ಣಾ, ನಾನು ಇಲ್ಲೇ ಒಂದು ಪಕ್ಷದ ಯುವ ಘಟಕದಲ್ಲಿ ತಾಲ್ಲೂಕು ಮಟ್ಟದಲ್ಲಿ ನಾಲ್ಕು ವರ್ಷ ಇದ್ದೆ. ಯಾವ ಪಕ್ಷ ಅಂತ ಬೇಡ, ಎಲ್ಲಾ ಒಂದೇ. ನಾನು ಮಾಡಿದ ಕೆಲಸ: ಫ್ಲೆಕ್ಸ್ ಕಟ್ಟೋದು, ಫ್ಲೆಕ್ಸಿನಲ್ಲಿ ಯಾರ ತಲೆ ಎಷ್ಟು ದೊಡ್ಡದಿರಬೇಕು ಅಂತ ಜಗಳ ಬಿಡಿಸೋದು, ಸಾಹೇಬರು ಬಂದಾಗ ಸೇಬಿನ ಹಾರಕ್ಕೆ ಕ್ರೇನ್ ಹೊಂದಿಸೋದು. ಒಂದರಿಂದ ಹತ್ತು ಅಂತ ಯಾರ ಮನೆ ಬಾಗಿಲಲ್ಲಾದರೂ ಕೇಳಿದ್ದರೆ ಮೊದಲು ನಮ್ಮ ಸಾಹೇಬರೇ ಬಯ್ತಿದ್ದರು, ಆ ಪ್ರಶ್ನೆ ಯಾಕೆ ಎತ್ತಿದೆ ಅಂತ.

ಒಂದು ಡೌಟು. ಆ ಹುಡುಗರಿಗೆ ದುಡ್ಡು ಕೊಡ್ತಿದ್ದರಾ?

—

ಗ್ಲಾಸ್ಗೋ ಮಳೆ:

ಇಲ್ಲಪ್ಪ. ಟೀ, ಬಿಸ್ಕತ್ತು, ಮತ್ತೆ 'ಟ್ಯಾಬ್ಲೆಟ್' ಅಂತ ಒಂದು ಸಿಹಿ. ಸಕ್ಕರೆ, ಬೆಣ್ಣೆ, ಹಾಲು ಕಾಯಿಸಿ ಮಾಡೋದು, ನಮ್ಮ ಬರ್ಫಿಯ ತಮ್ಮ ಅನ್ನಬಹುದು, ಬಾಯಲ್ಲಿಟ್ಟರೆ ಹಲ್ಲು ಜುಮ್ ಅನ್ನುವಷ್ಟು ಸಿಹಿ. ಅದನ್ನು ಮಾಡಿಕೊಂಡು ಬರ್ತಿದ್ದವರು 70 ದಾಟಿದ ಹೆಂಗಸರು. 1967ರಲ್ಲಿ ಹ್ಯಾಮಿಲ್ಟನ್ ಉಪಚುನಾವಣೆಯಲ್ಲಿ ನಮ್ಮ ಪಕ್ಷದ ವಿನ್ನಿ ಯೂಯಿಂಗ್ ಗೆದ್ದಾಗ ನಾವೂ ಹುಡುಗೀರೇ, ನಾವೂ ಹೀಗೇ ಮೆಟ್ಟಿಲು ಹತ್ತಿದ್ದೆವು ಅಂತ ಕಥೆ ಹೇಳೋರು.

—

ಅಂಕಿಸಂಖ್ಯೆ:

ಭಾವುಕತೆ ಚೆನ್ನಾಗಿದೆ, ಈಗ ಸ್ವಲ್ಪ ಲೆಕ್ಕ. 2014ರ ಸೆಪ್ಟೆಂಬರ್ 18ರಂದು ಸ್ವಾತಂತ್ರ್ಯ ಬೇಕಾ ಬೇಡವಾ ಅಂತ ಜನಮತ ಗಣನೆ. ಬೇಡ 55.3%, ಬೇಕು 44.7%. ಮತದಾನ 84.6%. 16, 17 ವರ್ಷದವರಿಗೆ ಮೊದಲ ಸಲ ವೋಟು ಸಿಕ್ಕಿದ್ದು ಆವಾಗಲೇ, 1 ಲಕ್ಷಕ್ಕೂ ಜಾಸ್ತಿ ಮಕ್ಕಳು ಹೆಸರು ನೋಂದಾಯಿಸಿದ್ದರು.

ಇಲ್ಲಿ ಒಂದು ವಿಷಯ ಎಲ್ಲರೂ ತಪ್ಪು ಹೇಳ್ತಾರೆ, ಅದಕ್ಕೇ ಮೊದಲೇ ತಡೀತೀನಿ. "ಆ ಮಕ್ಕಳಲ್ಲಿ 71% ಸ್ವಾತಂತ್ರ್ಯಕ್ಕೆ ವೋಟು ಹಾಕಿದರು" ಅಂತ ಒಂದು ಅಂಕಿ ಎಲ್ಲಾ ಕಡೆ ಓಡಾಡುತ್ತೆ. ಅದು ಲಾರ್ಡ್ ಆಶ್‌ಕ್ರಾಫ್ಟ್ ಅನ್ನುವ ಬ್ರಿಟಿಷ್ ರಾಜಕಾರಣಿ ಮಾಡಿಸಿದ ಸಮೀಕ್ಷೆಯದ್ದು. ಆ ವಯಸ್ಸಿನವರನ್ನು ಅದರಲ್ಲಿ ಎಷ್ಟು ಜನರನ್ನು ಕೇಳಿದ್ದರು ಗೊತ್ತಾ? 14. ಹದಿನಾಲ್ಕು ಜನ! ನಮ್ಮ ಅಪಾರ್ಟ್‌ಮೆಂಟಿನ ಗಣೇಶೋತ್ಸವ ಸಮಿತಿ ಇದಕ್ಕಿಂತ ದೊಡ್ಡದಿದೆ. ಯುವಕರೆಲ್ಲ ನಮ್ಮ ಕಡೆ ಅಂತ ಪಕ್ಷ ಅಂದುಕೊಂಡಿದ್ದರ ಹಿಂದೆ ಇಂಥ ಅಂಕಿಗಳೂ ಇದ್ದವು.

—

ಕಾಫಿತೋಟ:

ಎಲ್ಲಾ ಸರಿ, ಒಂದು ಪ್ರಶ್ನೆ. ಅವರಿಗೆ ಬೇರೆ ದೇಶ ಯಾಕೆ ಬೇಕು? ಸ್ವಂತ ಪಾರ್ಲಿಮೆಂಟ್ ಇದೆ, ದುಡ್ಡಿದೆ, ಯಾರೂ ಹೊಡೀತಿಲ್ಲ ಬಡೀತಿಲ್ಲ. ನಮಗೆ ಸ್ವಾತಂತ್ರ್ಯ ಅಂದರೆ ಜೈಲು, ಲಾಠಿ, ಈಸೂರು. ಇವರಿಗೆ ಟೀ, ಬರ್ಫಿ.

—

ಹುಬ್ಬಳ್ಳಿ ಗಿರಮಿಟ್:

ಕಾಫಿತೋಟದವರೇ, ಈಸೂರು ಅಂದಿರಲ್ಲ, ನಮ್ಮ ಊರಿನ ಒಂದು ಮಾತು ಹೇಳ್ತೀನಿ ಕೇಳ್ರಿ. ಸ್ವಾತಂತ್ರ್ಯ ಕೇಳುವ ಪಕ್ಷದೊಳಗೆ ಹುಡುಗರ ದಳ ಕಟ್ಟಿದ್ದು ಅಂದರೆ ನಮ್ಮ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್. 1923ರಲ್ಲಿ ನಾಗಪುರದ ಝಂಡಾ ಸತ್ಯಾಗ್ರಹಕ್ಕೆ ಹೋದವರಲ್ಲಿ ಎಷ್ಟೋ ಜನ ಕ್ಷಮಾಪಣೆ ಬರೆದುಕೊಟ್ಟು ಜೈಲಿನಿಂದ ಹೊರಬಿದ್ದರು. ಹುಬ್ಬಳ್ಳಿ ಸೇವಾ ಮಂಡಲದ ಹುಡುಗರು ಬರೆದುಕೊಡಲಿಲ್ಲ. ಅದನ್ನು ನೋಡಿಯೇ ಅದೇ ವರ್ಷ ಕಾಕಿನಾಡ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾ ದಳ ಶುರುವಾಯಿತು. ಮರುವರ್ಷ ಬೆಳಗಾವಿ ಅಧಿವೇಶನಕ್ಕೆ ಗಾಂಧೀಜಿ ಅಧ್ಯಕ್ಷರಾದಾಗ ಸ್ವಯಂಸೇವಕರ ವ್ಯವಸ್ಥೆ ಹರ್ಡೀಕರ್ ಅವರದೇ.

ಮಜಾ ಏನಂದರೆ ಕಾಂಗ್ರೆಸ್ಸಿನ ದೊಡ್ಡವರಿಗೇ ಈ ದಳದ ಮೇಲೆ ಅನುಮಾನ ಇತ್ತು. ಕವಾಯತು ಮಾಡ್ತಾರೆ, ಸೈನ್ಯದ ಥರ ಇದ್ದಾರೆ, ಅಹಿಂಸೆಗೆ ಇದು ಸರೀನಾ ಅಂತ. ಬಹಳ ವರ್ಷ ಅಂಗಳದಲ್ಲೇ ನಿಲ್ಲಿಸಿದ್ದರು. 1931ರಲ್ಲಿ ಬೇಕಾಯಿತು ನೋಡಿ, ಆವಾಗ ಪಕ್ಷದ ಅಧಿಕೃತ ದಳ ಅಂತ ಒಳಗೆ ಕರಕೊಂಡರು. ಮುಂದಿನ ವರ್ಷ ಬ್ರಿಟಿಷರು ನಿಷೇಧ ಹಾಕಿದರು. ದೊಡ್ಡವರಿಗೆ ಹುಡುಗರ ಕೈ ಬೇಕು, ಬಾಯಿ ಬೇಡ. ಅದು ಗ್ಲಾಸ್ಗೋ ಇರಲಿ, ಹುಬ್ಬಳ್ಳಿ ಇರಲಿ.

—

ಗ್ಲಾಸ್ಗೋ ಮಳೆ:

ಗಿರಮಿಟ್ ಸರ್, ಇದು ನನಗೆ ಗೊತ್ತಿರಲಿಲ್ಲ, ಥ್ಯಾಂಕ್ಸ್. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕೋಕೆ ಮಾತ್ರ ನನಗೆ ಮನಸ್ಸಿಲ್ಲ. ಕಾಫಿತೋಟ ಹೇಳಿದ್ದು ನಿಜ, ಸ್ಕಾಟ್ಲೆಂಡ್ ವಸಾಹತು ಆಗಿರಲಿಲ್ಲ. ಸಾಲದ್ದಕ್ಕೆ ನಮ್ಮನ್ನು ಆಳೋಕೆ ಬಂದವರಲ್ಲಿ ಸ್ಕಾಟ್ಲೆಂಡಿನವರೇ ಬೇಕಾದಷ್ಟಿದ್ದರು. ಶ್ರೀರಂಗಪಟ್ಟಣ ಬಿದ್ದ ದಿನ ಮುಂದೆ ನಿಂತು ನುಗ್ಗಿಸಿದ ಡೇವಿಡ್ ಬೇರ್ಡ್ ಕೂಡ ಅಲ್ಲಿಯವನೇ. ಇದನ್ನು ಆ ಹುಡುಗರಿಗೆ ಹೇಳಿದಾಗ ಒಬ್ಬ ಮುಖ ಸಣ್ಣ ಮಾಡಿಕೊಂಡು, ಗೊತ್ತು, ನಮ್ಮ ಗ್ಲಾಸ್ಗೋದ ದೊಡ್ಡ ದೊಡ್ಡ ಬೀದಿಗಳ ಹೆಸರೆಲ್ಲ ತಂಬಾಕು ವ್ಯಾಪಾರಿಗಳದ್ದು, ಅವರ ದುಡ್ಡೆಲ್ಲ ಗುಲಾಮರ ಬೆವರು ಅಂದ.

ಇವರ ವಾದ ಬೇರೆ. ನಾವು ವೋಟು ಹಾಕೋದು ಒಂದು ಕಡೆ, ಲಂಡನ್ನಿನಲ್ಲಿ ಸರ್ಕಾರ ಬರೋದು ಇನ್ನೊಂದು ಕಡೆ ಅಂತ. ಪ್ರಧಾನಿ ಥ್ಯಾಚರ್ ಕಾಲದಲ್ಲಿ ಗಣಿ, ಉಕ್ಕಿನ ಕಾರ್ಖಾನೆ ಮುಚ್ಚುತ್ತಾ ಬಂದ ಸಿಟ್ಟಿನಲ್ಲೇ ಒಂದು ತಲೆಮಾರು ಈ ಘಟಕಕ್ಕೆ ಬಂತು. ಮುಂದೆ ಸ್ಕಾಟ್ಲೆಂಡಿನ ಮುಖ್ಯಮಂತ್ರಿಯಾದ ನಿಕೋಲಾ ಸ್ಟರ್ಜನ್ ಪಕ್ಷ ಸೇರಿದ್ದು 1986ರಲ್ಲಿ, 16ನೇ ವಯಸ್ಸಿಗೆ. ಈಗಿನ ನಾಯಕ ಜಾನ್ ಸ್ವಿನ್ನಿ 15ಕ್ಕೇ ಸೇರಿ, 22ಕ್ಕೆ ಪಕ್ಷದ ರಾಷ್ಟ್ರೀಯ ಕಾರ್ಯದರ್ಶಿ.

ಗಿರಮಿಟ್ ಸರ್ ಮಾತಿಗೆ ಇನ್ನೊಂದು ಸೇರಿಸ್ತೀನಿ. ಇಲ್ಲಿ ಪಕ್ಷ ಯುವ ಘಟಕ ಹುಟ್ಟಿಸಿತು ಅನ್ನೋದೇ ತಪ್ಪು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಜಾನ್ ಮೆಕಾರ್ಮಿಕ್ ಅನ್ನುವ ಕಾನೂನು ವಿದ್ಯಾರ್ಥಿ 1927ರಲ್ಲಿ ಒಂದು ರಾಷ್ಟ್ರೀಯವಾದಿ ವಿದ್ಯಾರ್ಥಿ ಸಂಘ ಕಟ್ಟಿದ. ಮರುವರ್ಷ ನ್ಯಾಷನಲ್ ಪಾರ್ಟಿ ಆಫ್ ಸ್ಕಾಟ್ಲೆಂಡ್. ಅದು ಇನ್ನೊಂದು ಪಕ್ಷದ ಜೊತೆ ಸೇರಿ 1934ರಲ್ಲಿ ಎಸ್‌ಎನ್‌ಪಿ ಆಯಿತು. ಅಂದರೆ ಮಗ ಮೊದಲು, ಅಪ್ಪ ಆಮೇಲೆ.

—

ಬಿಎ ಎರಡನೇ ವರ್ಷ:

ಸರ್, ಯಾರೋ ವಿದ್ಯಾರ್ಥಿಗಳು ಲಂಡನ್ನಿನಿಂದ ಕಲ್ಲು ಕದ್ದಿದ್ದು ಇವರೇನಾ?

—

ಗ್ಲಾಸ್ಗೋ ಮಳೆ:

ಹಾಂ, ಅದೇ ವಿಶ್ವವಿದ್ಯಾಲಯದ ಗಾಳಿ. ಆದರೆ ಅದು ಪಕ್ಷದ ಯುವ ಘಟಕದ ಕೆಲಸ ಅಲ್ಲ. 1950ರ ಕ್ರಿಸ್‌ಮಸ್ ದಿನ ಬೆಳಗಿನ ಜಾವ ನಾಲ್ಕು ಜನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಗೆ ನುಗ್ಗಿ, ಸ್ಕಾಟ್ಲೆಂಡಿನ ರಾಜರ ಪಟ್ಟಾಭಿಷೇಕದ ಕಲ್ಲನ್ನು ಎತ್ತಿಕೊಂಡು ಬಂದರು. ಎಳೆಯುವಾಗ ಕಲ್ಲು ಎರಡು ಹೋಳಾಯಿತು. 1951ರ ಏಪ್ರಿಲಿನಲ್ಲಿ ಸ್ಕಾಟ್ಲೆಂಡಿನ ಆರ್‌ಬ್ರೋತ್ ಅಬ್ಬೆಯಲ್ಲಿ ಇಟ್ಟುಹೋದರು, ಅಲ್ಲಿಂದ ಮತ್ತೆ ಲಂಡನ್ನಿಗೆ ವಾಪಸ್. ಸರ್ಕಾರ ಕೇಸು ಹಾಕಲಿಲ್ಲ. ಅಷ್ಟು ಹೊತ್ತಿಗೆ ಮೆಕಾರ್ಮಿಕ್ ಎಸ್‌ಎನ್‌ಪಿ ಬಿಟ್ಟಾಗಿತ್ತು, ಆದರೆ ಆ ಹುಡುಗರ ಬೆನ್ನಿಗೆ ಇದ್ದ. ಕಲ್ಲು ಅಧಿಕೃತವಾಗಿ ಸ್ಕಾಟ್ಲೆಂಡಿಗೆ ಬಂದದ್ದು 1996ರಲ್ಲಿ.

—

ಲೀಥ್ ಕನ್ನಡತಿ:

ನಾನು ಎಡಿನ್‌ಬರೋದಲ್ಲಿ ಹದಿಮೂರು ವರ್ಷದಿಂದ ಇದ್ದೀನಿ. ಮಳೆ ಅವರೇ, ನೀವು 2014ರ ಕಥೆ ಹೇಳ್ತಿದ್ದೀರಿ. ಅದು ಹಬ್ಬದ ವರ್ಷ. ಹಬ್ಬದ ದಿನ ಎಲ್ಲರ ಮನೆಯಲ್ಲೂ ಒಬ್ಬಟ್ಟೇ. ಮಾರನೇ ದಿನದ ಕಥೆಯನ್ನೂ ಹೇಳಬೇಕಲ್ವಾ?

ಸೋತ ಮೇಲೆ ಪಕ್ಷ ಮುದುಡಲಿಲ್ಲ, ಉಬ್ಬಿತು. ಜನಮತ ಗಣನೆಗೆ ಮುಂಚೆ ಸುಮಾರು 25 ಸಾವಿರ ಸದಸ್ಯರಿದ್ದರು, 2015ರ ಮಾರ್ಚ್ ಹೊತ್ತಿಗೆ 1 ಲಕ್ಷ ದಾಟಿತು. ಅದೇ ಮೇ ತಿಂಗಳಲ್ಲಿ ಲಂಡನ್ನಿನ ಪಾರ್ಲಿಮೆಂಟಿಗೆ ಚುನಾವಣೆ, ಸ್ಕಾಟ್ಲೆಂಡಿನ 59 ಸೀಟಿನಲ್ಲಿ ಪಕ್ಷಕ್ಕೆ 56. ಮ್ಹಾರಿ ಬ್ಲ್ಯಾಕ್ ಅನ್ನುವ 20 ವರ್ಷದ ಹುಡುಗಿ, ಡಿಗ್ರಿ ಪರೀಕ್ಷೆ ಇನ್ನೂ ಮುಗಿದಿರಲಿಲ್ಲ, ಪೇಸ್ಲಿಯಲ್ಲಿ ಲೇಬರ್ ಪಕ್ಷದ ಡಗ್ಲಸ್ ಅಲೆಕ್ಸಾಂಡರ್ ಅವರನ್ನು ಸೋಲಿಸಿದಳು. ಕೇಂದ್ರದಲ್ಲಿ ಮಂತ್ರಿ ಆಗಿದ್ದ ಆಸಾಮಿ ಅವರು. ನಮ್ಮ ಆಫೀಸಿನಲ್ಲಿ ಆವತ್ತು ಎಲ್ಲರ ಬಾಯಲ್ಲೂ ಆ ಹುಡುಗಿಯದೇ ಮಾತು. ಅವಳೇ 2024ರಲ್ಲಿ ಸಾಕು ಅಂತ ನಿಲ್ಲಲಿಲ್ಲ, ಇನ್ನೂ ಮೂವತ್ತು ತುಂಬಿರಲಿಲ್ಲ. ಲಂಡನ್ನಿನ ಪಾರ್ಲಿಮೆಂಟಿನ ವಾತಾವರಣವೇ ಸರಿಯಿಲ್ಲ ಅಂದಳು. ಅದೇ ಚುನಾವಣೆಯಲ್ಲಿ ಪಕ್ಷಕ್ಕೆ ಬಂದದ್ದು 9 ಸೀಟು.

ನನ್ನ ಮಗಳಿಗೆ ಈಗ 17. ಹೋದ ವರ್ಷ ಯುವ ಘಟಕ ಸೇರಿದಳು. ನಾನು ಬೇಡ ಅನ್ನಲಿಲ್ಲ, ಸೇರು ಅಂತಲೂ ಹೇಳಲಿಲ್ಲ. ಊಟದ ಮೇಜಿನಲ್ಲಿ ಅವರಪ್ಪನ ಜೊತೆ ದಿನಾ ಜಗಳ. ಅವರು ಬ್ರಿಟನ್ ಪಾಸ್‌ಪೋರ್ಟಿಗೆ ಎಷ್ಟು ಕಷ್ಟಪಟ್ಟಿದ್ದೀವಿ ಗೊತ್ತಾ ನಿನಗೆ ಅಂತಾರೆ, ಇವಳು ಪಾಸ್‌ಪೋರ್ಟಿನ ಬಣ್ಣ ಮೊನ್ನೆ ಬ್ರೆಕ್ಸಿಟ್‌ನಲ್ಲಿ ನಿಮ್ಮನ್ನು ಕೇಳದೇ ಬದಲಾಯಿಸಿದರಲ್ಲ ಅಪ್ಪಾ ಅಂತಾಳೆ. ಸಾರು ಆರಿಹೋಗಿರುತ್ತೆ.

ನನಗೆ ಕಾಣೋ ತೊಂದರೆ ಬೇರೆ. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತು, ಲಂಡನ್ ಒಪ್ಪದೇ ಸ್ಕಾಟಿಷ್ ಪಾರ್ಲಿಮೆಂಟ್ ತಾನೇ ಇನ್ನೊಂದು ಜನಮತ ಗಣನೆ ನಡೆಸುವ ಹಾಗಿಲ್ಲ ಅಂತ. 2014ರದ್ದಕ್ಕೆ ಬ್ರಿಟನ್ ಪ್ರಧಾನಿ ಕ್ಯಾಮರಾನ್ ಮತ್ತು ಆಗಿನ ಸ್ಕಾಟ್ಲೆಂಡ್ ಮುಖ್ಯಮಂತ್ರಿ ಸಾಲ್ಮಂಡ್ ಮೊದಲೇ ಕೂತು ಸಹಿ ಹಾಕಿದ್ದರು, ಈಗ ಹಾಗೆ ಸಹಿ ಹಾಕೋರು ಯಾರೂ ಇಲ್ಲ. ಹಾಗಾದರೆ ಈ ಮಕ್ಕಳು ಬಾಗಿಲು ಬಡಿದು ಏನು ಕೇಳಬೇಕು? ಮದುವೆ ಛತ್ರ ಸಿಕ್ಕಿಲ್ಲ, ದಿನಾಂಕ ಇಲ್ಲ, ಆಮಂತ್ರಣ ಮಾತ್ರ ಹಂಚಿ ಅಂದ ಹಾಗಾಗಿದೆ. ಅಷ್ಟರಲ್ಲಿ ಅದೇ ಪಕ್ಷ 2007ರಿಂದ ಎಡಿನ್‌ಬರೋದಲ್ಲಿ ಸರ್ಕಾರ ನಡೆಸ್ತಿದೆ. ಬಾಗಿಲು ತೆಗೆದವರು ಸ್ವಾತಂತ್ರ್ಯದ ಬಗ್ಗೆ ಕೇಳಲ್ಲ, ಆಸ್ಪತ್ರೆಯ ಸರದಿ ಯಾಕೆ ಇಷ್ಟುದ್ದ, ದ್ವೀಪಕ್ಕೆ ಹೋಗೋ ಹಡಗು ಯಾಕೆ ಇನ್ನೂ ತಯಾರಾಗಿಲ್ಲ ಅಂತ ನನ್ನ ಮಗಳನ್ನು ಬಯ್ತಾರೆ. ಸರ್ಕಾರ ಶುರುವಾದಾಗ ಅವಳು ಹುಟ್ಟೇ ಇರಲಿಲ್ಲ!

—

ಮಾಜಿ ಕಾರ್ಯಕರ್ತ:

ಅಕ್ಕಾ, "ಸಾರು ಆರಿಹೋಗಿರುತ್ತೆ" ಸೂಪರ್. ನಮ್ಮ ಮನೆಯಲ್ಲೂ ಅದೇ ಕಥೆ, ದೇಶ ಬೇರೆ ಅಷ್ಟೇ.

—

ಅಂಕಿಸಂಖ್ಯೆ:

ಸದಸ್ಯರ ಲೆಕ್ಕವನ್ನು ಪೂರ್ತಿ ಮಾಡಿಬಿಡೋಣ. 2021ರ ಕೊನೆಗೆ 1 ಲಕ್ಷದ ಮೇಲಿದ್ದದ್ದು 2023ರ ಫೆಬ್ರವರಿಗೆ 72,186. ಅದೂ ನಾಯಕನ ಚುನಾವಣೆ ನಡೆಯುವಾಗ ಅಭ್ಯರ್ಥಿಗಳು ಪಟ್ಟು ಹಿಡಿದ ಮೇಲೆ ಹೊರಗೆ ಬಂದ ಅಂಕಿ. ಅದಕ್ಕೆ ಮುಂಚೆ ಪತ್ರಿಕೆಯವರು ಕೇಳಿದಾಗ ಅಷ್ಟೆಲ್ಲ ಕಡಿಮೆಯಾಗಿಲ್ಲ ಅಂದಿದ್ದರು. ಪಕ್ಷದ ಮುಖ್ಯ ಕಾರ್ಯನಿರ್ವಾಹಕರೂ, ಮಾಧ್ಯಮ ನೋಡಿಕೊಳ್ಳುತ್ತಿದ್ದವರೂ ಅದೇ ವಾರ ರಾಜೀನಾಮೆ ಕೊಟ್ಟರು.

—

ಕಾಫಿತೋಟ:

ಅಂದರೆ ಯುವ ಘಟಕದಿಂದ ಏನೂ ಆಗಿಲ್ಲ ಅಂತಾಯಿತು. ನಾನು ಹೇಳಿದ್ದೇ ಸರಿ.

—

ಗ್ಲಾಸ್ಗೋ ಮಳೆ:

ಅಯ್ಯೋ ಇಲ್ಲ. 2021ರ ಜನವರಿ ನೆನಪು ಮಾಡ್ತೀನಿ. ಟ್ರಾನ್ಸ್‌ಜೆಂಡರ್ ಹಕ್ಕಿನ ವಿಷಯದಲ್ಲಿ ಪಕ್ಷದೊಳಗೆ ದೊಡ್ಡ ಜಗಳ ನಡೀತಿತ್ತು. ಇಲ್ಲಿ ನಮಗೆ ಉಸಿರಾಡೋಕೆ ಆಗ್ತಿಲ್ಲ ಅಂತ ಚಿಕ್ಕ ವಯಸ್ಸಿನ ಸದಸ್ಯರು ಒಬ್ಬೊಬ್ಬರಾಗಿ ಪಕ್ಷ ಬಿಡೋಕೆ ಶುರು ಮಾಡಿದರು. ಆವಾಗ ಮುಖ್ಯಮಂತ್ರಿ ಸ್ಥಾನದಲ್ಲಿದ್ದ ಸ್ಟರ್ಜನ್, ಬರೆದ ಭಾಷಣ ಏನೂ ಇಲ್ಲದೆ, ಫೋನಿನ ಮುಂದೆ ಕೂತು ವಿಡಿಯೋ ಮಾಡಿ ಹಾಕಿದರು. ಇದು ಸರಿಯಲ್ಲ, ನೀವು ವಾಪಸ್ ಬನ್ನಿ ಅನ್ನೋ ಅರ್ಥದ ಮಾತು. ಆ ವಿಷಯದಲ್ಲಿ ನೀವು ಯಾವ ಕಡೆ ಅನ್ನೋದು ಬೇರೆ, ಇಲ್ಲಿ ಅದರ ಜಗಳ ಬೇಡ. ನನಗೆ ಕಂಡಿದ್ದು ಇಷ್ಟೇ, ಕರಪತ್ರ ಹಂಚಿದಾಗ ಸಿಗದ ಕಿವಿ ಸದಸ್ಯತ್ವದ ಚೀಟಿ ಹರಿದಾಗ ಸಿಕ್ಕಿತು. ಇದು ಒಳ್ಳೆಯ ಸುದ್ದಿನಾ ಅಂದರೆ ಅಲ್ಲ. ಹುಡುಗರ ಮಾತು ಕೇಳೋಕೆ ಅವರು ಹೊರಗೆ ಹೋಗಲೇಬೇಕಾ?

ಇನ್ನೊಂದು, ಇದು ನಮ್ಮ ಉಪಖಂಡದ ಎಳೆ, ಬಿಡೋಕೆ ಮನಸ್ಸಾಗ್ತಿಲ್ಲ. ಬಶೀರ್ ಅಹ್ಮದ್ ಅಂತ ಒಬ್ಬರಿದ್ದರು. ಹುಟ್ಟಿದ್ದು ಅಮೃತಸರ, ವಿಭಜನೆಯಾದ ಮೇಲೆ ಪಾಕಿಸ್ತಾನ, 1961ರಲ್ಲಿ ಗ್ಲಾಸ್ಗೋಗೆ ಬಂದು ಬಸ್ಸಿನಲ್ಲಿ ಕೆಲಸ. 1995ರಲ್ಲಿ ಸ್ವಾತಂತ್ರ್ಯದ ಪರ ಏಷ್ಯನ್ನರ ಸಂಘಟನೆ ಕಟ್ಟಿದರು, 2007ರಲ್ಲಿ ಸ್ಕಾಟಿಷ್ ಪಾರ್ಲಿಮೆಂಟಿಗೆ ಹೋದ ಮೊದಲ ಏಷ್ಯನ್. ಎಲ್ಲಿಂದ ಬಂದೆ ಅನ್ನೋದು ಮುಖ್ಯ ಅಲ್ಲ, ಒಟ್ಟಿಗೆ ಎಲ್ಲಿಗೆ ಹೋಗ್ತೀವಿ ಅನ್ನೋದು ಮುಖ್ಯ ಅಂತಿದ್ದರು. ಅವರ ಆಫೀಸಿನಲ್ಲಿ ಸಹಾಯಕನಾಗಿ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಹುಡುಗ ಹಮ್ಜಾ ಯೂಸುಫ್, ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಓದುವಾಗ ಪಕ್ಷ ಸೇರಿದವನು. 2023ರಲ್ಲಿ ಸ್ಕಾಟ್ಲೆಂಡಿನ ಮುಖ್ಯಮಂತ್ರಿ. ಒಂದು ವರ್ಷ ಮಾತ್ರ ಇದ್ದದ್ದು, ಅದು ಬೇರೆ ಕಥೆ. ಆದರೆ ಯಾವನೋ ಹೊರಗಿನವನು ಅಂತ ನನ್ನನ್ನೂ ಆ ಹುಡುಗರು ನೋಡಲಿಲ್ಲ ಅಂದರೆ ಅದರ ಹಿಂದೆ ಈ ಬಸ್ ಕಂಡಕ್ಟರ್ ಅಜ್ಜ ಇದ್ದಾರೆ ಅಂತ ನನ್ನ ನಂಬಿಕೆ.

—

ಹುಬ್ಬಳ್ಳಿ ಗಿರಮಿಟ್:

ಇದನ್ನು ಮೊದಲೇ ಬರೀಬೇಕಿತ್ತಲ್ರೀ. ಕಲ್ಲು, ಬರ್ಫಿ ಎಲ್ಲಾ ಆದ ಮೇಲೆ ಕೊನೆಗೆ ಹೇಳ್ತೀರಿ.

—

ಬಿಎ ಎರಡನೇ ವರ್ಷ:

ಸರ್, ನನ್ನ ಅಣ್ಣ ಮುಂದಿನ ತಿಂಗಳು ಡಂಡೀಗೆ ಎಂಎಸ್ಸಿಗೆ ಹೋಗ್ತಿದ್ದಾನೆ. ಅಲ್ಲಿ ಫೀಸು ಇಲ್ಲ ಅಂತ ಎಲ್ಲೋ ಓದಿದೆ, ಈ ಪಕ್ಷವೇ ತೆಗೆದಿದ್ದಂತೆ, ನಿಜಾನಾ? ಮತ್ತೆ ನೀವು ಕೊನೆಗೆ ವೋಟು ಯಾವುದಕ್ಕೆ ಹಾಕಿದಿರಿ?

—

ಲೀಥ್ ಕನ್ನಡತಿ:

ಫೀಸು ಇಲ್ಲ ಅನ್ನೋದು ಸ್ಕಾಟ್ಲೆಂಡಿನಲ್ಲೇ ಬೆಳೆದ ಮಕ್ಕಳ ಮೊದಲ ಡಿಗ್ರಿಗೆ ಪುಟ್ಟ. ಡಿಗ್ರಿ ಮುಗಿದ ಮೇಲೆ ಕಟ್ಟಬೇಕಿದ್ದ ಹಣವನ್ನು ಇವರು 2008ರಲ್ಲಿ ತೆಗೆದರು, ಅದು ನಿಜ. ನಿಮ್ಮಣ್ಣನಿಗೆ ಪೂರ್ತಿ ಫೀಸು. 22ರ ಒಳಗಿನವರಿಗೆ 2022ರಿಂದ ಬಸ್ಸು ಫ್ರೀ ಇದೆ, ಅಣ್ಣನ ವಯಸ್ಸು ಎಷ್ಟು ನೋಡಿ. ಮತದಾರರ ಪಟ್ಟಿಗೆ ಹೆಸರು ಹಾಕಿಸೋಕೆ ಹೇಳಿ, ಬಿಟ್ಟಿ ಹಕ್ಕು ಯಾಕೆ ಬಿಡಬೇಕು. ಚಳಿಗೆ ದಪ್ಪ ಸಾಕ್ಸ್ ಅಲ್ಲೇ ಕೊಳ್ಳಲಿ, ಊರಿಂದ ಹೊತ್ತು ತರಬೇಡ ಅನ್ನಿ. ಚಟ್ನಿಪುಡಿ ಮಾತ್ರ ಜಾಸ್ತಿ ತರಲಿ.

—

ಗ್ಲಾಸ್ಗೋ ಮಳೆ:

ವೋಟಿನ ಗುಟ್ಟು ಹೇಳಲ್ಲ ತಮ್ಮಾ. ಪೆನ್ಸಿಲಿನಲ್ಲಿ ಗೀಟು ಹಾಕಿಸ್ತಾರೆ, ಅಳಿಸಿಬಿಟ್ಟರೆ ಏನು ಗತಿ ಅಂತ ಒಬ್ಬರು ಅಜ್ಜ ಮನೆಯಿಂದ ಪೆನ್ನು ತಂದಿದ್ದರು, ಅಷ್ಟು ನೆನಪಿದೆ. ಗ್ಲಾಸ್ಗೋದಲ್ಲಿ 'ಬೇಕು' ಅನ್ನೋದೇ ಗೆದ್ದಿತು, ನಿಮ್ಮಣ್ಣ ಹೋಗ್ತಿರೋ ಡಂಡೀಯಲ್ಲೂ. ಉಳಿದ ಕಡೆ ಹೆಚ್ಚಿನಂಶ ಸೋತಿತು. ಮಾರನೇ ದಿನ ಬೆಳಿಗ್ಗೆ ಆ 19ರ ಹುಡುಗಿಗೆ ಮೆಸೇಜ್ ಮಾಡಿದೆ, ಹೇಗಿದ್ದೀಯಾ ಅಂತ. ಮಧ್ಯಾಹ್ನದ ಮೇಲೆ ಉತ್ತರ ಬಂತು. ಮೂರನೇ ಮಹಡಿಯ ಅಜ್ಜಿ ಕೊನೆಗೆ ಏನು ಮಾಡಿದರೋ ಕೇಳೋಕೆ ಹೋಗಿದ್ದೆ, ಮನೆಯಲ್ಲಿ ಇರಲಿಲ್ಲ, ಸಂಜೆ ಮತ್ತೆ ಹೋಗ್ತೀನಿ ಅಂತ.